ಬಡ್ತಿ ಅಂದರೆ ಮಕ್ಕಳ ಕೋಣೆ ಬಿಡುವುದಾ? ಪುಟ್ಟ ಮಕ್ಕಳ ಟೀಚರ್‌ಗಳ ಬೆಳವಣಿಗೆ ಮತ್ತು ದನಿ ಎತ್ತುವ ವಿಷಯ

ನೀಲಿಕ್ರೇಯಾನ್

ಎಲ್ಲರಿಗೂ ನಮಸ್ಕಾರ. ಮೂರರಿಂದ ಆರು ವರ್ಷದ ಮಕ್ಕಳ ಟೀಚರ್ ನಾನು. ಈ ಕೆಲಸಕ್ಕೆ ಬಂದು ಬಹಳ ವರ್ಷಗಳಾದವು. ಈಗ ಆಡಳಿತದವರು ಸಂಯೋಜಕಿ ಹುದ್ದೆ ತಗೊಳ್ಳಿ ಅನ್ನುತ್ತಿದ್ದಾರೆ. ಸಂಬಳ ಜಾಸ್ತಿ, ಮರ್ಯಾದೆ ಜಾಸ್ತಿ, ನೆಲದ ಮೇಲೆ ಕೂತು ಏಳುವ ಮಂಡಿನೋವು ಕಡಿಮೆ. ಆದರೆ ತರಗತಿ ಇರುವುದಿಲ್ಲ. ವೇಳಾಪಟ್ಟಿ, ದಾಖಲಾತಿ, ಪೋಷಕರ ದೂರು, ಇಷ್ಟೇ.

ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ ಇದು. ಈ ಕೆಲಸದಲ್ಲಿ ಮೇಲೆ ಹೋಗಬೇಕು ಅಂದರೆ ಮಕ್ಕಳಿಂದ ದೂರ ಹೋಗಲೇಬೇಕಾ? ಸರ್ಜನ್‌ಗೆ ಅನುಭವ ಆದಷ್ಟೂ ಕಷ್ಟದ ಆಪರೇಷನ್ ಕೊಡುತ್ತಾರೆ. ನಮ್ಮಲ್ಲಿ ಯಾರು ಚೆನ್ನಾಗಿ ಕಲಿಸುತ್ತಾರೋ ಅವರನ್ನೇ ಮೊದಲು ಕೋಣೆಯಿಂದ ಹೊರಗೆ ಕರೆಯುತ್ತಾರೆ. ವಿಚಿತ್ರ ಅಲ್ವಾ?

ಇನ್ನೊಂದು ವಿಷಯ. ಒಂದು ಕೋಣೆಗೆ ಎಷ್ಟು ಮಕ್ಕಳು, ಎಷ್ಟು ಜನ ದೊಡ್ಡವರು, ಬರೆಸುವುದು ಯಾವಾಗ, ಸಂಬಳ ಎಷ್ಟು, ಇದನ್ನೆಲ್ಲ ಮಾತಾಡುವುದು ಟೀಚರ್ ಕೆಲಸವಾ? ಬಾಯಿ ಬಿಟ್ಟರೆ ‘ರಾಜಕೀಯ ಶುರು ಮಾಡಿದಳು’ ಅಂತಾರೆ. ನೀವೆಲ್ಲ ಏನು ಮಾಡುತ್ತೀರಿ ಹೇಳಿ. ಉಪದೇಶ ಮಾತ್ರ ಬೇಡ.

ಹಳೇಟೀಚರ್

ಉಪದೇಶ ಮಾಡುವ ವಯಸ್ಸು ನನ್ನದು, ಆದರೂ ತಡೆದುಕೊಳ್ಳುತ್ತೇನೆ.

ಲಿಲಿಯನ್ ಕಾಟ್ಜ್ ಎಂಬ ಶಿಕ್ಷಣ ತಜ್ಞೆ 1972ರಲ್ಲಿ ಒಂದು ಮಾತು ಹೇಳಿದ್ದರು. ಪುಟ್ಟ ಮಕ್ಕಳ ಟೀಚರ್‌ಗಳು 4 ಹಂತಗಳಲ್ಲಿ ಬೆಳೆಯುತ್ತಾರಂತೆ. ಮೊದಲನೆಯದು ಹೇಗೋ ದಿನ ದೂಡುವ ಹಂತ. ‘ಸಂಜೆವರೆಗೆ ಯಾರೂ ಬೀಳದಿದ್ದರೆ, ಯಾರೂ ಕಚ್ಚದಿದ್ದರೆ ಸಾಕಪ್ಪಾ’ ಅನ್ನುವ ಕಾಲ. ಎರಡನೆಯದರಲ್ಲಿ ಗುಂಪು ಕೈಗೆ ಸಿಕ್ಕಿರುತ್ತದೆ, ಕಣ್ಣು ಒಂದೊಂದು ಮಗುವಿನ ಮೇಲೆ ನಿಲ್ಲುತ್ತದೆ. ಈ ಮಗು ಯಾಕೆ ಮಾತಾಡುತ್ತಿಲ್ಲ, ಆ ಮಗು ಯಾಕೆ ಅಂಟಿಕೊಂಡೇ ಇರುತ್ತದೆ ಅಂತ. ಮೂರನೆಯದರಲ್ಲಿ ಬೇಜಾರು ಶುರು. ಅದೇ ಹಾಡು, ಅದೇ ಅಂಟಿಸುವ ಕೆಲಸ, ಹೊಸದೇನಿದೆ? ನಾಲ್ಕನೆಯದರಲ್ಲಿ ಪ್ರಶ್ನೆಗಳೇ ಬೇರೆ. ಕಲಿಕೆ ಅಂದರೆ ಏನು, ಈ ವ್ಯವಸ್ಥೆ ಯಾಕೆ ಹೀಗಿದೆ ಅಂತ.

ಒಂದೊಂದು ಹಂತಕ್ಕೂ ಬೇಕಾದ ಸಹಾಯ ಬೇರೆ. ಮೊದಲ ಹಂತದವರಿಗೆ ಕೋಣೆಯೊಳಗೇ ಒಬ್ಬರು ಬಂದು ಕೈ ಜೋಡಿಸಬೇಕು. ಮೂರನೆಯವರಿಗೆ ಬೇರೆ ಟೀಚರ್‌ಗಳ ಕೋಣೆ ನೋಡುವ ಅವಕಾಶ ಬೇಕು. ನಾಲ್ಕನೆಯವರಿಗೆ ಓದು, ಚರ್ಚೆ, ತಾವೇ ಏನಾದರೂ ಹುಡುಕಿ ನೋಡುವ ಬಿಡುವು ಬೇಕು. ಆದರೆ ನಡೆಯುವುದೇನು? ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಒಂದೇ ಸ್ಲೈಡ್ ತೋರಿಸುತ್ತಾರೆ. ನಿನ್ನೆ ಸೇರಿದವಳೂ ಅಲ್ಲೇ, ನಾನೂ ಅಲ್ಲೇ.

ನೀವು ಕೇಳಿದ್ದು ನಾಲ್ಕನೇ ಹಂತದ ಪ್ರಶ್ನೆ. ಅವರು ಕೊಡುತ್ತಿರುವುದು ಒಂದು ಕುರ್ಚಿ. ಎರಡಕ್ಕೂ ತಾಳೆಯಾಗುವುದಿಲ್ಲ, ಅದಕ್ಕೇ ಈ ಕಸಿವಿಸಿ.

ಎರಡನೇಇನಿಂಗ್ಸ್

ಆ ಸ್ಲೈಡ್ ತೋರಿಸುವವರಲ್ಲಿ ನಾನೂ ಒಬ್ಬಳು, ಆದ್ದರಿಂದ ಹೇಳಲೇಬೇಕು. ಒಂದು ದಿನದ ತರಬೇತಿಯಿಂದ ಕೋಣೆಯೊಳಗೆ ಹೆಚ್ಚೇನೂ ಬದಲಾಗುವುದಿಲ್ಲ. ಟೀಚರ್ ತನ್ನದೇ ಕೋಣೆಯಲ್ಲಿ, ತನ್ನದೇ ಮಕ್ಕಳ ಜೊತೆ ಮಾಡಿದ್ದನ್ನು ಇನ್ನೊಬ್ಬರ ಜೊತೆ ಕೂತು ನೋಡಿದಾಗ ಬದಲಾಗುತ್ತದೆ. ವರ್ಜೀನಿಯಾ ವಿಶ್ವವಿದ್ಯಾಲಯದವರು ಇದೇ ಆಧಾರದ ಮೇಲೆ ಒಂದು ಕಾರ್ಯಕ್ರಮ ಕಟ್ಟಿದರು. ಟೀಚರ್ ತನ್ನ ತರಗತಿಯ ವಿಡಿಯೋ ಕಳಿಸುತ್ತಾಳೆ. ಮಾರ್ಗದರ್ಶಿ ಅದರಿಂದ ಸಣ್ಣ ತುಣುಕು ಆರಿಸಿ ‘ಇಲ್ಲಿ ಈ ಮಗು ಏನು ಹೇಳಲು ಹೊರಟಿದ್ದ?’ ಅಂತ ಕೇಳುತ್ತಾರೆ. ಅಷ್ಟೇ. ಭಾಷಣ ಇಲ್ಲ.

ಮಾರ್ಗದರ್ಶಿ ಇಲ್ಲದಿದ್ದರೂ ಒಂದು ಕೆಲಸ ಮಾಡಬಹುದು. ಕಥೆ ಹೇಳುವಾಗ ನಿಮ್ಮ ಧ್ವನಿ ಮಾತ್ರ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಎರಡು ವಿಷಯ ಎಣಿಸಿ. ನೀವು ಕೇಳಿದ ಪ್ರಶ್ನೆಗಳಲ್ಲಿ ಒಂದೇ ಪದದ ಉತ್ತರ ಸಾಕಾಗುವುದು ಎಷ್ಟು? ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದಿರಿ? ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ಅಳೆದಿದ್ದರು. ಟೀಚರ್‌ಗಳು ಸರಾಸರಿ 1 ಸೆಕೆಂಡ್ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ನೆ ಇರುತ್ತಿದ್ದವರೂ ಬಾಯಿ ಬಿಟ್ಟರು. ಅವರು ನೋಡಿದ್ದು ಸ್ವಲ್ಪ ದೊಡ್ಡ ಮಕ್ಕಳ ವಿಜ್ಞಾನದ ತರಗತಿ. ನಾಲ್ಕು ವರ್ಷದವರಿಗೆ ಅದಕ್ಕಿಂತ ಜಾಸ್ತಿ ಹೊತ್ತು ಬೇಕು, ಕಡಿಮೆ ಅಂತೂ ಅಲ್ಲ. ಇದಕ್ಕೆ ಸರ್ಟಿಫಿಕೇಟ್ ಸಿಗಲ್ಲ. ನನ್ನ ಕೇಳಿದರೆ ಬೆಳವಣಿಗೆ ಅಂದರೆ ಇದೇ.

ಎರಡನೇಸಾಲು

ಓದೋಕೆ ಚೆನ್ನಾಗಿದೆ ಮೇಡಂ. ನನ್ನ ಕೋಣೆಯಲ್ಲಿ 30 ಮಕ್ಕಳು, ನಾನು ಒಬ್ಬಳು. ಒಂದು ಮಗುವಿಗೆ ಮೂರು ಸೆಕೆಂಡ್ ಕಾಯೋ ಹೊತ್ತಿಗೆ ಇನ್ನೊಂದು ಕಿಟಕಿ ಹತ್ತಿರುತ್ತೆ.

ಬೇಜಾರು ಮಾಡಿಕೊಳ್ಳಬೇಡಿ. ಆದರೆ ‘ವೃತ್ತಿಪರ ಬೆಳವಣಿಗೆ’ ಅನ್ನುವ ಮಾತು ಬಂದಾಗಲೆಲ್ಲ ನನಗೆ ಕೇಳಿಸುವುದು ಒಂದೇ. ಸಮಸ್ಯೆ ನಿಮ್ಮಲ್ಲಿದೆ, ನೀವು ಸುಧಾರಿಸಿಕೊಳ್ಳಿ, ನಾವು ಇನ್ನೊಬ್ಬ ಟೀಚರ್ ಕೊಡಲ್ಲ ಅಂತ.

ಲೆಕ್ಕಪುಸ್ತಕ

ಎರಡನೇಸಾಲು ಹೇಳಿದ್ದು ಖಾರವಾಗಿದ್ದರೂ ಸರಿ. ಅಂಕಿ ಅಂಶ ನೋಡುವುದು ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಮೆರಿಕದಲ್ಲಿ 1989ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಮಾರ್ಸಿ ವೈಟ್‌ಬುಕ್, ಕ್ಯಾರೊಲಿ ಹೌಸ್, ಡೆಬೊರಾ ಫಿಲಿಪ್ಸ್ ಸೇರಿ 5 ನಗರ ಪ್ರದೇಶಗಳ 227 ಶಿಶುಪಾಲನಾ ಕೇಂದ್ರಗಳನ್ನು ನೋಡಿದರು. ಒಂದೇ ವರ್ಷದಲ್ಲಿ 41% ಸಿಬ್ಬಂದಿ ಕೆಲಸ ಬಿಟ್ಟಿದ್ದರು. ಮಕ್ಕಳಿಗೆ ಸಿಗುವ ಆರೈಕೆಯ ಗುಣಮಟ್ಟವನ್ನು ಚೆನ್ನಾಗಿ ಸೂಚಿಸಿದ ಅಂಶಗಳಲ್ಲಿ ಮುಖ್ಯವಾದದ್ದು ಸಿಬ್ಬಂದಿಯ ಸಂಬಳ. ಗೋಡೆಯ ಬಣ್ಣ, ಆಟಿಕೆಯ ಬ್ರ್ಯಾಂಡ್ ಅಲ್ಲ. ಸಿಬ್ಬಂದಿ ಪದೇ ಪದೇ ಬದಲಾಗುವ ಕೇಂದ್ರಗಳ ಮಕ್ಕಳು ಭಾಷೆಯಲ್ಲೂ ಬೇರೆ ಮಕ್ಕಳ ಜೊತೆ ಬೆರೆಯುವುದರಲ್ಲೂ ಹಿಂದಿದ್ದರು. ‘ಸಂಬಳದ ಮಾತು ಸ್ವಾರ್ಥ, ಮಕ್ಕಳ ಮಾತು ಸೇವೆ’ ಅಂತ ಯಾರಾದರೂ ಅಂದರೆ ಇದನ್ನು ಮುಂದಿಡಿ. ಟೀಚರ್ ಆರು ತಿಂಗಳಿಗೊಬ್ಬರು ಬದಲಾದರೆ ಮೂರು ವರ್ಷದ ಮಗು ಯಾರನ್ನು ನಂಬಬೇಕು?

ಇನ್ನೊಂದು. ಎಲ್ಲರೂ ಪೆರಿ ಪ್ರಿಸ್ಕೂಲ್ ಕಥೆ ಹೇಳುತ್ತಾರೆ. ಮಿಷಿಗನ್‌ನ ಯಿಪ್ಸಿಲಾಂಟಿಯಲ್ಲಿ 1962ರಲ್ಲಿ ಶುರುವಾದ ಪ್ರಯೋಗ. 123 ಬಡ ಮಕ್ಕಳು, ಅವರಲ್ಲಿ 58 ಮಂದಿಗೆ ಶಾಲಾಪೂರ್ವ ಶಿಕ್ಷಣ, ಉಳಿದವರಿಗೆ ಇಲ್ಲ. ದಶಕಗಳ ನಂತರ ನೋಡಿದಾಗ ಆ 58 ಮಂದಿಯ ದುಡಿಮೆ ಚೆನ್ನಾಗಿತ್ತು, ಅಪರಾಧದಲ್ಲಿ ಸಿಕ್ಕಿಹಾಕಿಕೊಂಡಿದ್ದು ಕಡಿಮೆ. ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಇದರ ಲಾಭದ ಲೆಕ್ಕ ಹಾಕಿದ ಮೇಲಂತೂ ಎಲ್ಲ ದೇಶದ ಭಾಷಣಗಳಲ್ಲೂ ಇದು ಬರುತ್ತದೆ. ಬಾರದಿರುವ ಭಾಗ ಯಾವುದು ಗೊತ್ತಾ? ಅಲ್ಲಿ ಒಬ್ಬ ಟೀಚರ್‌ಗೆ ಇದ್ದದ್ದು ಸುಮಾರು 6 ಮಕ್ಕಳು. ಟೀಚರ್‌ಗಳೆಲ್ಲ ಪದವೀಧರರು. ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೂ ಹೋಗಿ ತಾಯಿಯ ಜೊತೆ ಕೂರುತ್ತಿದ್ದರು. ಲಾಭವನ್ನು ಮಾತ್ರ ಹೇಳಿ ಈ ಖರ್ಚನ್ನು ಮುಚ್ಚಿಟ್ಟರೆ ಅದು ಅರ್ಧ ಸತ್ಯ.

ಉಲ್ಟಾ ಉದಾಹರಣೆಯೂ ಇದೆ. ಟೆನೆಸ್ಸಿ ರಾಜ್ಯದ ಸರ್ಕಾರಿ ಶಾಲಾಪೂರ್ವ ಕಾರ್ಯಕ್ರಮದ ಮಕ್ಕಳನ್ನು ಆರನೇ ತರಗತಿವರೆಗೆ ಹಿಂಬಾಲಿಸಿದರು. 2022ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಶಾಕ್. ಸೀಟು ಸಿಗದೆ ಹೊರಗುಳಿದ ಮಕ್ಕಳಿಗಿಂತ ಈ ಮಕ್ಕಳ ಪರೀಕ್ಷೆಯ ಅಂಕ ಕಡಿಮೆ, ಶಿಸ್ತಿನ ತೊಂದರೆ ಜಾಸ್ತಿ. ಅಂದರೆ ‘ಶಾಲಾಪೂರ್ವ ಶಿಕ್ಷಣ’ ಅಂತ ಬೋರ್ಡ್ ಹಾಕಿದರೆ ಸಾಲದು, ಒಳಗೆ ದಿನವಿಡೀ ಏನು ನಡೆಯುತ್ತದೆ ಅನ್ನುವುದೇ ಮುಖ್ಯ. ನಮ್ಮ ಪರ ವಾದ ಮಾಡುವವರು ಈ ಅಧ್ಯಯನವನ್ನು ಬಚ್ಚಿಡುತ್ತಾರೆ. ನನಗೆ ಅದು ತಪ್ಪು ಅನ್ನಿಸುತ್ತದೆ. ಟೀಚರ್ ಯಾಕೆ ಬೇಕು, ಸಮಯ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ವಾದ ಸಿಗುವುದು ಕಷ್ಟ.

ಅಪ್ಪನೊಬ್ಬ

ನಾನು ಟೀಚರ್ ಅಲ್ಲ, ಪೋಷಕ. ಕೇಳಬಹುದು ತಾನೇ? ಮೆದುಳಿನ 90% ಬೆಳವಣಿಗೆ 5 ವರ್ಷದೊಳಗೆ ಮುಗಿಯುತ್ತದೆ ಅಂತ ಎಲ್ಲ ಕಡೆ ಹೇಳುತ್ತಾರೆ. ಹಾಗಿದ್ದ ಮೇಲೆ ಆ ಟೈಮಲ್ಲೇ ಓದು ಬರಹ ಜಾಸ್ತಿ ಕಲಿಸಬೇಕಲ್ಲವಾ? ನನ್ನ ಮಗನಿಗೆ ನಾಲ್ಕು ವರ್ಷ. ಶಾಲೆಯಲ್ಲಿ ಏನು ಮಾಡಿದೆ ಅಂದರೆ ‘ಆಟ ಆಡಿದೆ’ ಅನ್ನುತ್ತಾನೆ. ನಿಜ ಹೇಳಬೇಕೆಂದರೆ ಆತಂಕ ಆಗುತ್ತದೆ.

ಎರಡನೇಇನಿಂಗ್ಸ್

ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು. ಆ 90% ಘೋಷಣೆಯನ್ನು ಹಂಚಿದ್ದು ನಮ್ಮವರೇ, ಈಗ ಅದು ನಮ್ಮ ಕಾಲಿಗೇ ಸುತ್ತಿಕೊಂಡಿದೆ. 5-6 ವರ್ಷದ ಹೊತ್ತಿಗೆ ದೊಡ್ಡವರ ಮೆದುಳಿನ 90%ರಷ್ಟಾಗುವುದು ಮೆದುಳಿನ ಗಾತ್ರ. ಕಲಿಕೆ ಅಲ್ಲ. ಕಲಿಯುವ ಕಿಟಕಿ ಅಲ್ಲಿಗೆ ಮುಚ್ಚಿಹೋಗುವುದೂ ಇಲ್ಲ. ಯೋಜನೆ ಹಾಕುವ, ತನ್ನನ್ನು ತಾನು ತಡೆದುಕೊಳ್ಳುವ ಭಾಗ ಇಪ್ಪತ್ತು ವರ್ಷ ದಾಟಿದರೂ ಬೆಳೆಯುತ್ತಲೇ ಇರುತ್ತದೆ. ಜನರನ್ನು ಎಚ್ಚರಿಸೋಣ ಅಂತ ಒಂದು ಅಂಕಿ ಹೇಳಿದೆವು. ಪೋಷಕರಿಗೆ ಕೇಳಿಸಿದ್ದು ‘ಬೇಗ ಬೇಗ ತುಂಬಿಸಿ’ ಅಂತ. ಅದಕ್ಕೇ ಈಗ ಮೂರು ವರ್ಷಕ್ಕೆ ಪೆನ್ಸಿಲ್ ಹಿಡಿಸುತ್ತಿದ್ದಾರೆ.

ನೀಲಿಕ್ರೇಯಾನ್

ಅಪ್ಪನೊಬ್ಬ ಅವರೇ, ನನ್ನ ನೋಟ್‌ಬುಕ್‌ನಿಂದ ಒಂದು ತುಣುಕು ಹಾಕುತ್ತೇನೆ. ಮಗುವಿನ ಗುರುತು ತೆಗೆದಿದ್ದೇನೆ.

‘4 ವರ್ಷ 2 ತಿಂಗಳು. ಎರಡು ಕಂಬ ನಿಲ್ಲಿಸಿ ಮೇಲೆ ಉದ್ದದ ಹಲಗೆ ಇಟ್ಟ. ಬಿತ್ತು. ಮತ್ತೆ ಇಟ್ಟ. ಬಿತ್ತು. ಕಂಬಗಳನ್ನು ಹತ್ತಿರ ಸರಿಸಿದ, ಅದೇ ಹಲಗೆ ಇಟ್ಟ. ನಿಂತಿತು. ಕಾರು ಬಿಟ್ಟಾಗ ಒಂದು ಪಕ್ಕ ವಾಲಿತು. ಹಲಗೆಯ ಇನ್ನೊಂದು ತುದಿಗೆ ಸಣ್ಣ ಕಟ್ಟಿಗೆ ತುಂಡು ಇಟ್ಟ. ಪಕ್ಕದ ಹುಡುಗಿ ಅದನ್ನು ತೆಗೆಯಲು ಹೋದಾಗ: ಅದು ಬೇಕು, ಇಲ್ಲಾಂದ್ರೆ ಆ ಕಡೆ ಎದ್ದುಬಿಡತ್ತೆ.’

ಇದನ್ನೇ ಮನೆಗೆ ಹೋಗಿ ‘ಆಟ ಆಡಿದೆ’ ಅಂತ ಹೇಳಿರುತ್ತಾನೆ. ಅವನು ಸಮತೋಲನ ಕಂಡುಕೊಂಡ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿದ. ಕಾರಣ ಕೊಟ್ಟು ಮಾತಾಡಿದ, ಅದೂ ಹೊಡೆಯದೆ. ‘ಅದು ಇಲ್ಲಾಂದ್ರೆ ಇದು ಹೀಗಾಗತ್ತೆ’ ಅನ್ನುವ ವಾಕ್ಯ ಕಟ್ಟುವುದು ಹತ್ತು ಪುಟ ಅಕ್ಷರ ತಿದ್ದುವುದಕ್ಕಿಂತ ದೊಡ್ಡ ಭಾಷಾ ಕೆಲಸ.

ಬರವಣಿಗೆ ಬಗ್ಗೆ: ಸಾಮಾನ್ಯವಾಗಿ ಮಕ್ಕಳು 3ರ ಸುಮಾರಿಗೆ ನೋಡಿಕೊಂಡು ವೃತ್ತ ಬರೆಯುತ್ತಾರೆ, 4ಕ್ಕೆ ಕೂಡಿಸುವ ಗುರುತು, ಆಮೇಲೆ ಚೌಕ, 5ರ ಹೊತ್ತಿಗೆ ತ್ರಿಕೋನ. ನಮ್ಮ ‘ಅ’ ಬರೆಯಲು ಕೈ ಎಷ್ಟು ಸಲ ದಿಕ್ಕು ಬದಲಿಸಬೇಕು ಒಮ್ಮೆ ಬರೆದು ನೋಡಿ. ಚೌಕವೇ ಬರದ ಕೈಗೆ ಅದನ್ನು ನೂರು ಸಲ ತಿದ್ದಿಸಿದರೆ ಮಗು ಕಲಿಯುವುದು ಅಕ್ಷರವನ್ನಲ್ಲ, ‘ನನಗೆ ಬರಲ್ಲ’ ಅನ್ನುವುದನ್ನು. ಕಥೆ ಓದಿಸಿಕೊಳ್ಳಲಿ, ಪ್ರಾಸ ಆಡಲಿ, ಹಿಟ್ಟು ನಾದಲಿ, ಗೀಚಲಿ. ಅಕ್ಷರ ಬರುತ್ತದೆ.

ಅಪ್ಪನೊಬ್ಬ

ಈ ಸೇತುವೆ ಚೀಟಿ ಥರದ್ದು ತಿಂಗಳಿಗೆ ಒಂದು ಸಿಕ್ಕರೂ ನಾನು ಸುಮ್ನಿರುತ್ತಿದ್ದೆ. ನಮಗೆ ಬರುವುದು ಒಂದು ಹಾಳೆ, ಅದರ ತುಂಬ ಟಿಕ್ ಮಾರ್ಕ್. ‘ಬಣ್ಣ ಗುರುತಿಸುತ್ತಾನೆ: ಹೌದು.’ ಅದರಿಂದ ನನಗೇನು ತಿಳಿಯಬೇಕು?

ಹಳೇಟೀಚರ್

ನೋಡಿ, ನೀಲಿಕ್ರೇಯಾನ್ ಕೇಳಿದ ಎರಡೂ ಪ್ರಶ್ನೆ ಇಲ್ಲಿ ಒಂದಾದವು. ಆ ಟಿಪ್ಪಣಿ ಬರೆಯುತ್ತಾ ಆಕೆ ಟೀಚರ್ ಆಗಿ ಬೆಳೆದರು. ಅದೇ ಟಿಪ್ಪಣಿ ಒಬ್ಬ ಅಪ್ಪನ ಮನಸ್ಸು ಬದಲಿಸಿತು. ಬೇರೆ ವಕಾಲತ್ತು ಏನಿರುತ್ತದೆ?

ನ್ಯೂಜಿಲೆಂಡ್‌ನಲ್ಲಿ ಇದನ್ನೇ ಇಡೀ ದೇಶದ ರೂಢಿ ಮಾಡಿಕೊಂಡರು. ಅಲ್ಲಿ 1996ರಲ್ಲಿ ಪುಟ್ಟ ಮಕ್ಕಳ ಪಠ್ಯಕ್ರಮ ‘ತೆ ಫಾರಿಕಿ’ ಬಂದ ಮೇಲೆ ಮಾರ್ಗರೆಟ್ ಕಾರ್ ಮತ್ತು ಸಂಗಡಿಗರು ‘ಕಲಿಕೆಯ ಕಥೆ’ಗಳ ಪದ್ಧತಿ ಬೆಳೆಸಿದರು. ಟಿಕ್ ಹಾಕುವ ಬದಲು ಮಗು ಮಾಡಿದ್ದನ್ನು ಸಣ್ಣ ಕಥೆಯಾಗಿ ಬರೆಯುವುದು. ಮನೆಯವರೂ ಅದಕ್ಕೆ ಸೇರಿಸಿ ಬರೆಯುತ್ತಾರೆ. ಇಟಲಿಯ ರೆಜ್ಜೊ ಎಮಿಲಿಯಾದಲ್ಲೂ ಹಾಗೇ. ಮಕ್ಕಳ ಮಾತು, ಚಿತ್ರ, ಫೋಟೋ ಸೇರಿಸಿ ಗೋಡೆಗೆ ಹಾಕುತ್ತಾರೆ, ಊರಿನವರು ಬಂದು ನೋಡುತ್ತಾರೆ. ಅಲ್ಲಿ ಒಂದು ಗಮನಿಸಬೇಕಾದ ವಿಷಯ ಇದೆ. ಈ ಬರೆಯುವ, ಚರ್ಚಿಸುವ ಸಮಯ ಟೀಚರ್‌ಗಳ ವಾರದ ಕೆಲಸದ ಗಂಟೆಯಲ್ಲೇ ಸೇರಿದೆ. ರಾತ್ರಿ ಮನೆಯಲ್ಲಿ ಕೂತು ಬರೆಯಿರಿ ಅಂತ ಯಾರೂ ಹೇಳುವುದಿಲ್ಲ.

ಎರಡನೇಸಾಲು

ಆ ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಸರಿ, ಈಗ ನನ್ನ ಕಥೆ. ಹಿಂದೆ ಇದ್ದ ಒಂದು ಶಾಲೆಯಲ್ಲಿ, ಹೆಸರು ಬೇಡ, ಮಕ್ಕಳ ಸಂಖ್ಯೆ ಬಗ್ಗೆ ಆಡಳಿತದವರ ಹತ್ತಿರ ಮಾತಾಡಿದೆ. ಒಬ್ಬಳೇ ಹೋದೆ. ನಗುನಗುತ್ತಾ ಕೇಳಿಸಿಕೊಂಡರು. ‘ಬೇರೆ ಟೀಚರ್‌ಗಳಿಗೆ ತೊಂದರೆ ಇಲ್ಲ, ನಿಮಗೆ ಮಾತ್ರ ಯಾಕೆ?’ ಅಂದರು. ಮುಂದಿನ ವರ್ಷ ನನಗೆ ಎಲ್ಲಕ್ಕಿಂತ ದೊಡ್ಡ ಗುಂಪು ಬಂತು. ಪಾಠ ಕಲಿಸಿದರು ಅನ್ನಿ. ಮಾತಾಡಿ, ಮಾತಾಡಿ ಅನ್ನುವವರು ಇದನ್ನೂ ಲೆಕ್ಕಕ್ಕೆ ತಗೋಬೇಕು. ಮನೆ ನಡೆಸುವವರಿಗೆ ಧೈರ್ಯ ಅಗ್ಗಕ್ಕೆ ಸಿಗಲ್ಲ.

ಹಳೇಟೀಚರ್

ನಿಜ. ಒಬ್ಬರೇ ಹೋದರೆ ಅದು ದೂರು. ಮೂರು ಜನ ಹೋದರೆ ಅದು ವಿಷಯ. ಅದಕ್ಕಿಂತ ಮುಖ್ಯ, ಕೈಯಲ್ಲಿ ಒಂದು ಹಾಳೆ ಇರಬೇಕು.

ನಾವು ಒಂದು ಕಡೆ ಹೀಗೆ ಮಾಡಿದೆವು. ಕೋಣೆಯ ಬಾಗಿಲ ಹಿಂದೆ ಒಂದು ಪಟ್ಟಿ ಅಂಟಿಸಿದೆವು. ಗಂಟೆ, ಒಳಗಿರುವ ಮಕ್ಕಳು, ಒಳಗಿರುವ ದೊಡ್ಡವರು. ಪ್ರತಿ ಗಂಟೆಗೆ ಒಂದು ಸಾಲು, ಅಷ್ಟೇ. ಯಾರ ಮೇಲೂ ಆರೋಪ ಇಲ್ಲ. ಕಾಗದದ ಮೇಲೆ ನಮ್ಮಲ್ಲಿ 24 ಮಕ್ಕಳಿಗೆ 2 ಜನ. ಪಟ್ಟಿ ನೋಡಿದರೆ 11 ಗಂಟೆಗೆ ಒಬ್ಬರು ಯಾವಾಗಲೂ ಶೌಚಾಲಯದ ಹತ್ತಿರ, ಊಟದ ಹೊತ್ತಿಗೆ ಒಬ್ಬರು ಪಾತ್ರೆ ಕಡೆ, ಮಧ್ಯಾಹ್ನ ಒಬ್ಬರನ್ನು ಕಚೇರಿಗೆ ಕರೆದಿರುತ್ತಾರೆ. ದಿನದ ಬಹುಭಾಗ 24ಕ್ಕೆ 1. ಆಮೇಲೆ ಮಕ್ಕಳು ಬಿದ್ದು ಗಾಯವಾದ ದಾಖಲೆ ಪುಸ್ತಕ ತೆಗೆದು ಗಂಟೆ ನೋಡಿದೆವು. ಹೆಚ್ಚಿನವು ಅದೇ ಹೊತ್ತಿನಲ್ಲಿ.

ಅಮೆರಿಕದ ಪುಟ್ಟ ಮಕ್ಕಳ ಶಿಕ್ಷಣದ ರಾಷ್ಟ್ರೀಯ ಸಂಘದ ಮಾನ್ಯತಾ ಮಾನದಂಡ 4 ವರ್ಷದವರಿಗೆ 10 ಮಕ್ಕಳಿಗೆ 1 ದೊಡ್ಡವರು, ಗುಂಪಿನಲ್ಲಿ 20 ಮೀರಬಾರದು ಅನ್ನುತ್ತದೆ. ಅದನ್ನೂ ಕೆಳಗೆ ಬರೆದೆವು. ಕೇಳಿದ್ದು ಒಂದೇ: ಬೆಳಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ ಇನ್ನೊಬ್ಬ ಸಹಾಯಕಿ. ಇಡೀ ದಿನಕ್ಕೆ ಕೇಳಲಿಲ್ಲ. ಕೊಟ್ಟರು. ಸಂಬಳ ಏರಿಸಿ ಅಂತಲೂ ಅದೇ ಹಾಳೆಯಲ್ಲಿ ಬರೆದಿದ್ದರೆ ಎರಡೂ ಸಿಗುತ್ತಿರಲಿಲ್ಲ ಅಂತ ನನ್ನ ಅಂದಾಜು.

ಲೆಕ್ಕಪುಸ್ತಕ

ಆ ಗಾಯದ ಪುಸ್ತಕದ ಐಡಿಯಾ ಭರ್ಜರಿ.

ಒಂದು ಎಚ್ಚರಿಕೆ. ಕೋಣೆ ಮಟ್ಟದಲ್ಲಿ ಹೀಗೆ ಗೆಲ್ಲಬಹುದು. ಸಂಬಳ, ಪಿಂಚಣಿ, ಅರ್ಹತೆ ಇಂಥವು ಅಲ್ಲಿ ಬಗೆಹರಿಯುವುದಿಲ್ಲ. ಅವಕ್ಕೆ ಸಂಘ ಬೇಕು, ಕಾನೂನು ಬೇಕು, ವರ್ಷಗಟ್ಟಲೆ ಹಟ ಬೇಕು. ನ್ಯೂಜಿಲೆಂಡ್‌ನ ಕಿಂಡರ್‌ಗಾರ್ಟನ್ ಟೀಚರ್‌ಗಳು ಶಾಲಾ ಶಿಕ್ಷಕರ ಸಮಾನ ವೇತನ ಪಡೆದದ್ದು 2002ರಲ್ಲಿ, ಸಂಘದ ದೀರ್ಘ ಹೋರಾಟದ ಮೇಲೆ. ಭಾರತದ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೆ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಯೋಜನೆ ಶುರುವಾದದ್ದು 1975ರಲ್ಲಿ. ನಡುವಿನ ಅಂತರ ನೀವೇ ನೋಡಿ.

ಎರಡನೇಇನಿಂಗ್ಸ್

‘ಟೀಚರ್ ರಾಜಕೀಯ ಮಾಡಬಾರದು’ ಅನ್ನುವವರಿಗೆ ಒಂದು ಹಳೆಯ ಕಥೆ. ಫ್ರೀಡ್ರಿಕ್ ಫ್ರೋಬೆಲ್ ಜರ್ಮನಿಯಲ್ಲಿ 1837ರಲ್ಲಿ ಶುರು ಮಾಡಿದ ಸಂಸ್ಥೆಯೇ ಮುಂದೆ ಕಿಂಡರ್‌ಗಾರ್ಟನ್ ಆಯಿತು. 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಮಕ್ಕಳು ಹಾಡಿಕೊಂಡು ಮರದ ತುಂಡು ಜೋಡಿಸುವುದು ಸರ್ಕಾರಕ್ಕೆ ಅಪಾಯ ಅನ್ನಿಸಿತ್ತು! ಮರುವರ್ಷ ಫ್ರೋಬೆಲ್ ತೀರಿಕೊಂಡರು. ಆದರೆ ಬೆರ್ಟಾ ಫಾನ್ ಮಾರೆನ್‌ಹೋಲ್ಟ್ಸ್-ಬ್ಯೂಲೋ ಎಂಬ ಮಹಿಳೆ ದೇಶದಿಂದ ದೇಶಕ್ಕೆ ಹೋಗಿ ಇದರ ಬಗ್ಗೆ ಮಾತಾಡಿದರು. ಅವರ ಥರ ಇನ್ನೂ ಹಲವರು. 1860ರಲ್ಲಿ ನಿಷೇಧ ಹೋಯಿತು. ಅಷ್ಟರಲ್ಲಿ ಕಿಂಡರ್‌ಗಾರ್ಟನ್ ಸಮುದ್ರ ದಾಟಿಯಾಗಿತ್ತು.

ರೆಜ್ಜೊ ಎಮಿಲಿಯಾ ಶಾಲೆಗಳೂ ಹೀಗೇ. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿನ ಒಂದು ಹಳ್ಳಿಯವರು ಜರ್ಮನ್ ಸೈನ್ಯ ಬಿಟ್ಟುಹೋದ ಟ್ಯಾಂಕ್, ಲಾರಿ, ಕುದುರೆ ಮಾರಿ ಬಂದ ಹಣದಲ್ಲಿ ಮಕ್ಕಳ ಶಾಲೆ ಕಟ್ಟಲು ಕೂತರು. ಲೋರಿಸ್ ಮಾಲಗುಝಿ ಎಂಬ ಯುವ ಶಿಕ್ಷಕ ಸುದ್ದಿ ಕೇಳಿ ಸೈಕಲ್ ಏರಿ ನೋಡಲು ಬಂದರು, ಆಮೇಲೆ ಅದೇ ಅವರ ಬದುಕಾಯಿತು. ಆದರೂ ನಗರಸಭೆಯೇ ನಡೆಸುವ ಮೊದಲ ಶಾಲೆ ತೆರೆದದ್ದು 1963ರಲ್ಲಿ. ಅಲ್ಲಿಯವರೆಗೆ ಬೇಡಿಕೆ ಜೀವಂತ ಇಟ್ಟವರು ಪೋಷಕರು, ಅದರಲ್ಲೂ ಹೆಂಗಸರು. ಪೋಷಕರನ್ನು ಎದುರಾಳಿ ಅಂದುಕೊಳ್ಳುವುದು ನಮ್ಮ ದೊಡ್ಡ ದೌರ್ಬಲ್ಯ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಹೊಸಚೀಟಿ

ನಾನು ಈ ವರ್ಷ ಸೇರಿದವಳು. ಕಾಟ್ಜ್ ಹೇಳಿದ ಮೊದಲ ಹಂತದಲ್ಲಿ ಮುಳುಗಿದ್ದೇನೆ 😅 ಒಂದು ಯೋಚನೆ. ಮಕ್ಕಳ ಸಣ್ಣ ಸಣ್ಣ ವಿಡಿಯೋ ಸಾಮಾಜಿಕ ಜಾಲತಾಣದಲ್ಲಿ ಹಾಕಿದರೆ? ಆಟದಿಂದ ಕಲಿಕೆ ಅಂತ ಜನಕ್ಕೆ ಗೊತ್ತಾಗುತ್ತದೆ. ನೋಡುವವರೂ ತುಂಬ ಜನ ಸಿಗುತ್ತಾರೆ.

ಹಳೇಟೀಚರ್

ಉತ್ಸಾಹ ಒಳ್ಳೆಯದು ಮಗಾ, ಆದರೆ ಇದು ಬೇಡ. ಮೇಲೆ ಹೇಳಿದ ಅಮೆರಿಕದ ಅದೇ ಸಂಘ 1989ರಲ್ಲಿ ನೀತಿಸಂಹಿತೆ ಒಪ್ಪಿಕೊಂಡಾಗ ಎಲ್ಲಕ್ಕಿಂತ ಮೇಲೆ ಇಟ್ಟ ನಿಯಮ, ಮಗುವಿಗೆ ಹಾನಿ ಆಗಬಾರದು ಅನ್ನುವುದು. ಉಳಿದ ಎಲ್ಲ ನಿಯಮಕ್ಕಿಂತ ಅದೇ ಮೊದಲು. ಅಳುವ ಮಗು, ಜಗಳ ಆಡುವ ಮಗು, ಚಡ್ಡಿ ಒದ್ದೆ ಮಾಡಿಕೊಂಡ ಮಗು ಹತ್ತು ವರ್ಷದ ನಂತರವೂ ಅಲ್ಲಿರುತ್ತದೆ. ಆ ಮಗು ಒಪ್ಪಿಗೆ ಕೊಟ್ಟಿಲ್ಲ. ಕೊಡುವ ವಯಸ್ಸೂ ಅಲ್ಲ. ಕೈಗಳನ್ನು ಮಾತ್ರ ತೋರಿಸಿ, ಕಟ್ಟಿದ ಸೇತುವೆ ತೋರಿಸಿ, ಮಾತನ್ನು ಬರೆದು ಹಾಕಿ. ಮುಖ ಬೇಡ, ಹೆಸರು ಬೇಡ. ತಮಾಷೆಗಂತೂ ಬೇಡವೇ ಬೇಡ.

ನಿಮ್ಮ ಹಂತಕ್ಕೆ ಬೇಕಾದ್ದು ಜಾಲತಾಣ ಅಲ್ಲ. ನಿಮ್ಮ ಕೋಣೆಗೆ ವಾರಕ್ಕೊಮ್ಮೆ ಬಂದು ಅರ್ಧ ಗಂಟೆ ಕೂರುವ ಒಬ್ಬ ಅನುಭವಿ ಟೀಚರ್. ಅದನ್ನು ಕೇಳಿ.

ಎರಡನೇಸಾಲು

ಅಂಥವರು ಎಲ್ಲಿ ಸಿಗುತ್ತಾರೆ? ಅನುಭವಿಗಳನ್ನೆಲ್ಲ ಸಂಯೋಜಕಿ ಮಾಡಿ ಕಚೇರಿಯಲ್ಲಿ ಕೂರಿಸಿದ್ದಾರಲ್ಲ!

ಎರಡನೇಇನಿಂಗ್ಸ್

😄 ನೀಲಿಕ್ರೇಯಾನ್‌ಗೆ ಉತ್ತರ ಸಿಕ್ಕಿತು ನೋಡಿ. ಹುದ್ದೆ ಬೇಡ ಅನ್ನಬೇಡಿ, ಹುದ್ದೆಯ ಒಳಗಿನ ಕೆಲಸ ಬದಲಿಸಿ ಅಂತ ಕೇಳಿ. ಅರ್ಧ ದಿನ ನಿಮ್ಮ ತರಗತಿ ನಿಮಗೇ ಇರಲಿ. ಇನ್ನರ್ಧದಲ್ಲಿ ಹೊಸಬರ ಕೋಣೆಗೆ ಹೋಗಿ ಜೊತೆಗೆ ಕೂರುವುದು, ಟಿಪ್ಪಣಿ ಬರೆಯುವುದು, ಅವರು ಬರೆಯುವ ಹೊತ್ತಲ್ಲಿ ಅವರ ಮಕ್ಕಳನ್ನು ನೀವು ನೋಡಿಕೊಳ್ಳುವುದು. ದಾಖಲಾತಿ, ಶುಲ್ಕ, ದೂರು ಕಚೇರಿಯವರಿಗೇ ಇರಲಿ. ಬಾಯಿಮಾತಲ್ಲಿ ಒಪ್ಪಿಕೊಳ್ಳಬೇಡಿ, ಬರೆಸಿಕೊಳ್ಳಿ. ಇಲ್ಲದಿದ್ದರೆ ಎರಡನೇ ತಿಂಗಳಿಗೇ ಆ ‘ಅರ್ಧ ದಿನ’ ಮಾಯವಾಗುತ್ತದೆ.

ಲೆಕ್ಕಪುಸ್ತಕ

ಸಂಬಳ ಮಾತ್ರ ಪೂರ್ತಿ ಸಂಯೋಜಕಿಯದೇ ಕೇಳಿ. ಅರ್ಧ ದಿನ ತರಗತಿ ಅಂತ ಅರ್ಧ ಸಂಬಳಕ್ಕೆ ಒಪ್ಪಿಕೊಂಡರೆ, ಮಕ್ಕಳ ಜೊತೆಗಿನ ಕೆಲಸಕ್ಕೆ ಬೆಲೆ ಕಡಿಮೆ ಅಂತ ನೀವೇ ಬರೆದುಕೊಟ್ಟಂತೆ.

ನೀಲಿಕ್ರೇಯಾನ್

ಎಲ್ಲರಿಗೂ ಥ್ಯಾಂಕ್ಸ್. ಹಾಗೇ ಕೇಳಿದೆ. ಪೂರ್ತಿ ಒಪ್ಪಿಲ್ಲ. ತರಗತಿ ಅರ್ಧ ದಿನ ಇರಲಿ ಅಂದಿದ್ದಾರೆ, ದೂರುಗಳನ್ನು ಮಾತ್ರ ನೀವೇ ನೋಡಬೇಕು ಅಂದಿದ್ದಾರೆ. ಸಂಬಳದ ಮಾತು ಇನ್ನೂ ನಡೆಯುತ್ತಿದೆ. ಹೊಸಬರಿಬ್ಬರ ಕೋಣೆಗೆ ಹೋಗಲು ಈಗಲೇ ಒಪ್ಪಿಗೆ ಸಿಕ್ಕಿದೆ. ಇಬ್ಬರೂ ವಿಡಿಯೋ ಮಾಡಿಕೊಂಡು ಒಟ್ಟಿಗೆ ನೋಡೋಣ ಅಂದಿದ್ದಾರೆ. ಪೋಷಕರಿಂದ ಒಪ್ಪಿಗೆ ತಗೋಬೇಕು. ಯಾರ ಹತ್ತಿರವಾದರೂ ಸರಳವಾದ ಪತ್ರ ಇದ್ದರೆ ಹಾಕಿ.

ಎರಡನೇಇನಿಂಗ್ಸ್

ನಾನು ಬಳಸುವುದು ಇದು. ಬೇಕಾದಂತೆ ತಿದ್ದಿಕೊಳ್ಳಿ.

‘ನಮ್ಮ ಟೀಚರ್‌ಗಳು ತಮ್ಮ ಕಲಿಸುವ ರೀತಿಯನ್ನು ನೋಡಿಕೊಂಡು ಸುಧಾರಿಸಿಕೊಳ್ಳಲು ತರಗತಿಯ ಸಣ್ಣ ವಿಡಿಯೋ ಮಾಡುತ್ತಾರೆ. ನೋಡುವವರು ತರಗತಿಯ ಟೀಚರ್ ಮತ್ತು ಅವರ ಮಾರ್ಗದರ್ಶಿ ಇಬ್ಬರೇ. ವಿಡಿಯೋವನ್ನು ಎಲ್ಲಿಯೂ ಹಂಚುವುದಿಲ್ಲ. ನೋಡಿ ಮುಗಿದ ಮೇಲೆ ಅಳಿಸುತ್ತೇವೆ. ನಿಮ್ಮ ಮಗು ವಿಡಿಯೋದಲ್ಲಿ ಬರುವುದು ಬೇಡ ಅನ್ನಿಸಿದರೆ ಕೆಳಗೆ ಗುರುತು ಹಾಕಿ, ಕಾರಣ ಬರೆಯಬೇಕಾಗಿಲ್ಲ. ಬೇಡ ಅಂದರೆ ನಿಮ್ಮ ಮಗುವಿನ ದಿನದ ಚಟುವಟಿಕೆಯಲ್ಲಿ ಏನೂ ಬದಲಾಗುವುದಿಲ್ಲ. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದೆ ಪಡೆಯಬಹುದು.’

ಬೇಡ ಅಂದ ಮಕ್ಕಳನ್ನು ಒಂದು ಮೂಲೆಗೆ ಕೂರಿಸಬೇಡಿ ಮತ್ತೆ. ಕ್ಯಾಮೆರಾವನ್ನೇ ಇನ್ನೊಂದು ಕಡೆ ತಿರುಗಿಸಿ.